ಹಳೇ ಕೊಲೆ ಕೇಸಿನ ಮುದ್ದೇಮಾಲು ಕಾಗದ ಓದುವುದು ಹೇಗೆ? ತಾರೀಖು ತಾಳೆಯಾಗದಿದ್ದಾಗ ಏನು ಮಾಡಬೇಕು?

ನಾನು ನಮ್ಮ ಭಾಗದ ಕೋರ್ಟುಗಳಲ್ಲಿ ಗುಮಾಸ್ತನಾಗಿದ್ದವನು. ಅದರಲ್ಲಿ ಹನ್ನೊಂದು ವರ್ಷ ಮುದ್ದೇಮಾಲು, ಅಂದರೆ ಕೇಸಿಗೆ ಸಾಕ್ಷಿಯಾಗಿ ವಶಕ್ಕೆ ತೆಗೆದುಕೊಂಡ ವಸ್ತುಗಳನ್ನು ಇಡುವ ಕೋಣೆಯ ಕೀಲಿ ನನ್ನ ಹತ್ತಿರವೇ ಇತ್ತು. ರಕ್ತದ ಅಂಗಿ, ಕುಡಗೋಲು, ನಾಡಪಿಸ್ತೂಲು, ಸುಟ್ಟ ಸೀರೆಯ ತುಂಡು, ಎಲ್ಲಕ್ಕೂ ಒಂದು ಚೀಟಿ, ಅದರ ಮೇಲೆ ರುಜು, ರುಜುವಿನ ಕೆಳಗೆ ತಾರೀಖು. ನಿವೃತ್ತಿಯಾಗಿ ಧಾರವಾಡಕ್ಕೆ ಬಂದ ಮೇಲೆ ಇತಿಹಾಸ ಓದುವ ನಾಲ್ಕೈದು ಹುಡುಗರು ಭಾನುವಾರ ಮನೆಗೆ ಬರಲು ಶುರು ಮಾಡಿದರು. ಒಂದು ದಿನ ಅವರಲ್ಲಿ ಒಬ್ಬ ಫೋನ್ ಹಿಡಿದುಕೊಂಡು ಬಂದು ಕೇಳಿದ: "ಸರ್, ಕೆನಡಿ ಕೇಸಿನ ಗುಂಡು ಲ್ಯಾಬಿಗೆ ತಲುಪಿದ್ದು ರಾತ್ರಿ 7.30ಕ್ಕೆ ಅಂತ ಒಂದು ಕಾಗದ, ಅದನ್ನು ಲ್ಯಾಬಿಗೆ ಕೊಟ್ಟವನ ಕೈಗೆ ಬಂದಿದ್ದು 8.50ಕ್ಕೆ ಅಂತ ಇನ್ನೊಂದು ಕಾಗದ. ಅಂದ್ರೆ ಎಲ್ಲಾ ಸುಳ್ಳು, ಅಲ್ವಾ?"

ಅವನು ಕೇಳಿದ್ದು 1963ರ ನವೆಂಬರ್ 22ರಂದು ಡಲ್ಲಾಸ್ ಪಟ್ಟಣದಲ್ಲಿ ಗುಂಡಿಗೆ ಬಲಿಯಾದ ಅಮೆರಿಕದ ಅಧ್ಯಕ್ಷ ಕೆನಡಿಯವರ ಕೇಸಿನ ಬಗ್ಗೆ. ಅಲ್ಲ ಎಂದೂ ಹೇಳಲಿಲ್ಲ, ಹೌದು ಎಂದೂ ಹೇಳಲಿಲ್ಲ. ಇಂಥ ಕಾಗದ ಕೈಗೆ ಸಿಕ್ಕಾಗ ಯಾವ ಕ್ರಮದಲ್ಲಿ ಓದಬೇಕು ಎಂದು ಹೇಳಿಕೊಟ್ಟೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಧಾರವಾಡದವರಿಗೆ ಇದು ದೂರದ ವಿಷಯ ಏನೂ ಅಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದಲ್ಲಿ ಕಲಬುರ್ಗಿ ಸರ್ ಅವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದಿದ್ದನ್ನು ನಾವು ಮರೆತಿಲ್ಲ. ಆ ಕೇಸಿನ ಕಾಗದ ನ್ಯಾಯಾಲಯದ್ದು, ಅದನ್ನು ನಾನು ಇಲ್ಲಿ ಮುಟ್ಟುವುದಿಲ್ಲ. ತೀರಿಹೋದ ಹಳೇ ಕೇಸುಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ.

ಮೊದಲ ಕೆಲಸ ತಾರೀಖು ನೋಡುವುದಲ್ಲ, ಆ ತಾರೀಖು ಯಾವುದರದ್ದು ಎಂದು ಕೇಳುವುದು. ಒಂದೇ ಹಾಳೆಯಲ್ಲಿ ನಾಲ್ಕು ತಾರೀಖು ಇರಬಹುದು. ವಸ್ತು ಸಿಕ್ಕಿದ ದಿನ, ಕೈ ಬದಲಾದ ದಿನ, ಕಾಗದ ಬರೆದ ದಿನ, ಅದು ಆವಕ ರಜಿಸ್ಟರಿನಲ್ಲಿ ಹತ್ತಿದ ದಿನ. ನಮ್ಮಲ್ಲಿ ಒಮ್ಮೆ ಒಂದು ಕೊಡಲಿಯ ಪಂಚನಾಮೆ 14ನೇ ತಾರೀಖಿನದಿತ್ತು, ನಮ್ಮ ರಜಿಸ್ಟರಿನಲ್ಲಿ ಅದು ಬಂದಿದ್ದು 17 ಎಂದಿತ್ತು. ಮೂರು ದಿನ ಕೊಡಲಿ ಎಲ್ಲಿತ್ತು, ಅದನ್ನು ತೊಳೆದು ಬೇರೆ ರಕ್ತ ಹಚ್ಚಿದರಾ ಎಂದು ವಕೀಲರು ಜೋರು ಮಾಡಿದರು. ಅವರು ಕೇಳಿದ್ದು ಸರಿಯೇ, ಅದು ಅವರ ಕೆಲಸ. ಆಮೇಲೆ ಹಳೇ ಪುಟ ತಿರುವಿದಾಗ ಗೊತ್ತಾಯಿತು, ಪೊಲೀಸಪ್ಪ ಕೊಡಲಿ ತಂದಿದ್ದು 15ಕ್ಕೆ, ಆವತ್ತು ಭಾನುವಾರ, ಮರುದಿನ ಹಬ್ಬದ ರಜೆ, ಕಾವಲಿಗೆ ಇದ್ದವನು ತೆಗೆದುಕೊಂಡು ಒಂದು ಚೀಟಿ ಬರೆದಿಟ್ಟಿದ್ದ, 17ಕ್ಕೆ ಬಂದ ಗುಮಾಸ್ತ ತಾನು ಬರೆದ ದಿನವನ್ನೇ ಬಂದ ದಿನ ಎಂದು ಹಾಕಿದ್ದ. ತಪ್ಪು ತಪ್ಪೇ. ಆದರೆ ಆ ತಪ್ಪಿನಿಂದ ಕೊಡಲಿ ಬದಲಾಯಿತು ಎಂದು ಸಾಬೀತಾಗಲಿಲ್ಲ. ಆ ಸಣ್ಣ ಚೀಟಿ ಕಳೆದುಹೋಗಿದ್ದರೆ, ಬದಲಾಗಲಿಲ್ಲ ಎಂದು ಸಾಬೀತು ಮಾಡುವುದಕ್ಕೂ ನಮ್ಮ ಹತ್ತಿರ ಏನೂ ಇರುತ್ತಿರಲಿಲ್ಲ. ಈ ಎರಡೂ ಮಾತು ಒಟ್ಟಿಗೆ ತಲೆಯಲ್ಲಿರಬೇಕು.

ಎರಡನೆಯದು, ಕೈಗಳ ಸರಪಳಿ. ಒಂದು ಉದ್ದ ಹಾಳೆ ತೆಗೆದುಕೊಂಡು ಬರೀ ಹೆಸರು ಬರೆಯಿರಿ. ತಾರೀಖು ಬೇಡ, ಗಂಟೆ ಬೇಡ. ಯಾರು ಯಾರಿಗೆ ಕೊಟ್ಟರು ಅಷ್ಟೇ. ಕೆನಡಿ ಕೇಸಿನ ಆ ಗುಂಡಿಗೆ ಹೀಗೆ ಬರುತ್ತದೆ: ಡಲ್ಲಾಸ್‌ನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ಡಾರೆಲ್ ಟಾಮ್ಲಿನ್ಸನ್ ಎಂಬ ನೌಕರ ಸ್ಟ್ರೆಚರ್ ಒಂದನ್ನು ಗೋಡೆಗೆ ತಳ್ಳಿದಾಗ ಗುಂಡು ಉರುಳಿ ಬಂತು. ಅವನು ಆಸ್ಪತ್ರೆಯ ಭದ್ರತಾ ಅಧಿಕಾರಿ ಓ.ಪಿ. ರೈಟ್ ಅವರಿಗೆ ತಿಳಿಸಿದ. ರೈಟ್ ಅದನ್ನು ಅಧ್ಯಕ್ಷರ ಕಾವಲಿನ ದಳವಾದ ಸೀಕ್ರೆಟ್ ಸರ್ವಿಸ್‌ನ ರಿಚರ್ಡ್ ಜಾನ್ಸೆನ್‌ಗೆ ಕೊಟ್ಟರು. ಜಾನ್ಸೆನ್ ವಾಷಿಂಗ್ಟನ್‌ಗೆ ತಂದು ತನ್ನ ಮುಖ್ಯಸ್ಥ ಜೇಮ್ಸ್ ರೌಲಿಗೆ, ರೌಲಿ ಎಫ್‌ಬಿಐನ ಎಲ್ಮರ್ ಟಾಡ್‌ಗೆ, ಟಾಡ್ ಎಫ್‌ಬಿಐ ಲ್ಯಾಬಿನ ರಾಬರ್ಟ್ ಫ್ರೇಜಿಯರ್‌ಗೆ. ಆರು ಜನ, ಐದು ಸಲ ಕೈ ಬದಲು. ಈಗ ಪ್ರತಿ ಬದಲಿನ ಎದುರು ಬರೆಯಿರಿ: ಆ ಹೊತ್ತಿನಲ್ಲೇ ಬರೆದ ಕಾಗದ ಇದೆಯಾ, ಇಲ್ಲಾ ಆಮೇಲೆ ನೆನಪಿನಿಂದ ಹೇಳಿದ್ದಾ? ನಮ್ಮಲ್ಲಾಗಿದ್ದರೆ ಸ್ಥಳದಲ್ಲೇ ಇಬ್ಬರು ಪಂಚರನ್ನು ಕರೆದು, ಪೊಟ್ಟಣ ಕಟ್ಟಿ, ಅರಗು ಹಾಕಿ ಮೊಹರು ಒತ್ತಿ, ಅದರ ಮಾದರಿ ಮೊಹರನ್ನೂ ಲ್ಯಾಬಿನ ಪತ್ರದ ಜೊತೆ ಕಳಿಸಬೇಕಿತ್ತು. ಆವತ್ತು ಆ ಆಸ್ಪತ್ರೆಯಲ್ಲಿ ಹಂಗೇನೂ ಆಗಲಿಲ್ಲ. ಮೊದಲ ಇಬ್ಬರ ಕೈಯಲ್ಲಿ ಗುಂಡಿನ ಮೇಲೆ ಗುರುತೇ ಬೀಳಲಿಲ್ಲ. ನನ್ನ ಪ್ರಕಾರ ಈ ಕೇಸಿನಲ್ಲಿ 7.30, 8.50ರ ಜಗಳಕ್ಕಿಂತ ದೊಡ್ಡ ತೂತು ಇದೇ, ಆದರೆ ಜನ ಇದರ ಬಗ್ಗೆ ಕಮ್ಮಿ ಮಾತಾಡುತ್ತಾರೆ.

ನಂಬರುಗಳ ಬಗ್ಗೆ. ವಸ್ತುವಿಗೆ ಹುಟ್ಟಿದ ನಂಬರ್ ಬೇರೆ, ನಾವು ಇಟ್ಟ ನಂಬರ್ ಬೇರೆ. ಕೆನಡಿ ಕೇಸಿನ ರೈಫಲ್ ಮೇಲೆ ಕಾರ್ಖಾನೆಯಲ್ಲೇ ಕೆತ್ತಿದ್ದು ಸಿ2766. ಗಾಂಧೀಜಿಯವರ ಕೊಲೆಯ ಬೆರೆಟ್ಟಾ ಪಿಸ್ತೂಲಿನ ಮೇಲೆ 606824. ಇವು ಯಾವ ಕಚೇರಿಗೆ ಹೋದರೂ ಬದಲಾಗುವುದಿಲ್ಲ. ಇಟ್ಟ ನಂಬರ್ ಹಾಗಲ್ಲ. ನಮ್ಮಲ್ಲಿ ಒಂದೇ ಚಾಕುವಿಗೆ ಠಾಣೆಯಲ್ಲಿ ಪಿ.ಎಫ್. (ಪ್ರಾಪರ್ಟಿ ಫಾರಂ) ನಂಬರ್, ಲ್ಯಾಬಿನಲ್ಲಿ ಐಟಂ ನಂಬರ್, ಕೋರ್ಟಿನ ರಜಿಸ್ಟರಿನಲ್ಲಿ ಒಂದು ನಂಬರ್, ಕೊನೆಗೆ ತೀರ್ಪಿನಲ್ಲಿ ಮು.ಮಾ. 1. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ, ಹಾವೇರಿ ಬೇರೆಯಾದ ಮೇಲಂತೂ ಹಳೇ ಕಡತ ಹುಡುಕುವಾಗ ಯಾವ ನಂಬರ್ ಯಾವುದಕ್ಕೆ ಎಂದು ತಿಳಿಯುವುದೇ ಅರ್ಧ ಕೆಲಸವಾಗಿತ್ತು. ಅಲ್ಲೂ ಹಾಗೇ. ಆ ಗುಂಡು ಎಫ್‌ಬಿಐ ಲ್ಯಾಬಿನ ಕಾಗದದಲ್ಲಿ ಮೊದಲು ಕ್ಯೂ1, ಆಮೇಲೆ ಸಿ1, ಕೊಲೆಯ ತನಿಖೆಗೆ ಅಲ್ಲಿನ ಸರಕಾರ ನೇಮಿಸಿದ ವಾರನ್ ಆಯೋಗದಲ್ಲಿ ಸಿಇ (ಆಯೋಗದ ಮುದ್ದೇಮಾಲು) 399. ರೈಫಲ್ ಸಿ14, ಆಯೋಗದಲ್ಲಿ ಸಿಇ 139. ಇದು ಗೊತ್ತಿಲ್ಲದೆ ಓದಿದರೆ ಎರಡು ಗುಂಡು ಇದ್ದವು ಎಂದು ಅನ್ನಿಸುವುದು ಸಹಜ. ಅದಕ್ಕೇ ವಹಿಯ ಮೊದಲ ಪುಟದಲ್ಲೇ ಯಾವ ನಂಬರ್ ಯಾವುದಕ್ಕೆ ಸಮ ಎಂದು ಬರೆದಿಟ್ಟುಕೊಳ್ಳಿ. ಗುಂಡಿಗೆ ಹುಟ್ಟಿದ ನಂಬರ್ ಇರುವುದಿಲ್ಲ ಅಲ್ವಾ, ಅದಕ್ಕೇ ಕೈಗೆ ಬಂದವರು ತಮ್ಮ ಹೆಸರಿನ ಮೊದಲಕ್ಷರ ಅದರ ಮೇಲೆ ಗೀರುತ್ತಾರೆ. ಈ ಗೀರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ತಾರೀಖು ಬರೆಯುವ ರೀತಿಯೂ ಮೋಸ ಮಾಡುತ್ತದೆ. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. 11-22-63 ಬಂದರೆ ತೊಂದರೆಯಿಲ್ಲ, 22ನೇ ತಿಂಗಳು ಇಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ತೊಂದರೆ ಇರುವುದು 12ರ ಒಳಗಿನ ತಾರೀಖುಗಳಲ್ಲಿ. ರೈಫಲ್‌ಗೆ ಆರೋಪಿ ಆಸ್ವಾಲ್ಡ್ ಎ. ಹೈಡೆಲ್ ಎಂಬ ಸುಳ್ಳು ಹೆಸರಲ್ಲಿ ಕಳಿಸಿದ 21.45 ಡಾಲರಿನ ಮನಿ ಆರ್ಡರ್ ಮಾರ್ಚ್ 12, 1963ರದ್ದು. ಅದನ್ನು 3-12-63 ಎಂದು ಬರೆದರೆ ನಮ್ಮ ಕಣ್ಣಿಗೆ ಅದು ಡಿಸೆಂಬರ್ 3. ಅಂದರೆ ಕೊಲೆಯಾಗಿ ಹನ್ನೊಂದು ದಿನದ ಮೇಲೆ ರೈಫಲ್‌ಗೆ ದುಡ್ಡು ಕಟ್ಟಿದ ಹಾಗೆ ಆಯಿತು! ನಮ್ಮ ಹುಡುಗನೊಬ್ಬ ಇಡೀ ವಾರ ಇದನ್ನೇ ದೊಡ್ಡ ಪತ್ತೆ ಎಂದು ತಿಳಿದಿದ್ದ, ಪಾಪ. ವಹಿಯಲ್ಲಿ ಯಾವಾಗಲೂ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ.

ಈಗ ಆ 7.30ರ ಪ್ರಶ್ನೆಗೆ ಬರೋಣ. ಇದನ್ನು ನಿಧಾನವಾಗಿ ಬಿಡಿಸುವುದು ಒಳ್ಳೆಯದು, ಏಕೆಂದರೆ ಬೇರೆ ಯಾವ ಕೇಸಿಗೂ ಇದೇ ದಾರಿ.

ಕಾಗದ ಎರಡಲ್ಲ, ಮೂರಿವೆ. ಒಂದು, ಫ್ರೇಜಿಯರ್ ಲ್ಯಾಬಿನಲ್ಲಿ ಬರೆದುಕೊಂಡ ಟಿಪ್ಪಣಿ, ಟಾಡ್‌ನಿಂದ ಬಂತು, 7.30. ಎರಡು, ಟಾಡ್ ಲಕೋಟೆಯ ಮೇಲೆ ಬರೆದಿದ್ದು, ರೌಲಿಯಿಂದ ಬಂತು, 8.50. ಮೂರು, ಗುಂಡಿನ ಜೊತೆ ಜಾನ್ಸೆನ್ ಇಟ್ಟ ಚೀಟಿ. ಕೆನಡಿಯವರ ಪತ್ನಿ ಆಸ್ಪತ್ರೆ ಬಿಡುವ ಸುಮಾರು ಐದು ನಿಮಿಷ ಮೊದಲು ಗುಂಡು ತನ್ನ ಕೈಗೆ ಬಂತು, ಸ್ಟ್ರೆಚರ್ ಯಾರದ್ದು ಎಂದು ಗೊತ್ತಾಗಲಿಲ್ಲ ಎಂದು ಅದರಲ್ಲಿದೆ. ಅದರ ಕೊನೆಯಲ್ಲಿ ಹೆಸರಿನ ಕೆಳಗೆ ಇರುವ ಗಂಟೆಯೂ 7.30.

ಮೊದಲ ಪರೀಕ್ಷೆ ಗಡಿಯಾರ. ಡಲ್ಲಾಸ್ ವಾಷಿಂಗ್ಟನ್‌ಗಿಂತ ಒಂದು ಗಂಟೆ ಹಿಂದೆ. ಫ್ರೇಜಿಯರ್ ಬರೆದ 7.30 ಡಲ್ಲಾಸ್ ಸಮಯ ಎಂದೇ ಇಟ್ಟುಕೊಳ್ಳೋಣ, ಅವರು ವಾಷಿಂಗ್ಟನ್‌ನಲ್ಲಿ ಕೂತವರು, ಹಾಗೆ ಬರೆಯಲು ಕಾರಣವಿಲ್ಲ, ಆದರೂ ನೋಡೋಣ. ಆಗ ಅದು ವಾಷಿಂಗ್ಟನ್‌ನ 8.30. ಆಗಲೂ 8.50ಕ್ಕಿಂತ ಇಪ್ಪತ್ತು ನಿಮಿಷ ಮೊದಲೇ. ಅಂದರೆ ಗಡಿಯಾರದ ಲೆಕ್ಕ ಇದನ್ನು ಬಿಡಿಸುವುದಿಲ್ಲ. ಬಿಡಿಸುವುದಿಲ್ಲ ಎಂದು ವಹಿಯಲ್ಲಿ ಬರೆಯಬೇಕು. "ಟೈಮ್ ವ್ಯತ್ಯಾಸ ಇರಬಹುದು" ಎಂದು ಸುಮ್ನೆ ಹಾರಿಸಿ ಮುಂದೆ ಹೋಗಬಾರದು.

ಎರಡನೇ ಪರೀಕ್ಷೆ, ಒಂದು ಕಾಗದ ಇನ್ನೊಂದರಿಂದ ನಕಲಾಗಿದೆಯಾ. ಜಾನ್ಸೆನ್ ಚೀಟಿ ಗುಂಡಿನ ಜೊತೆಗೇ ಬಂತು, ಅದರಲ್ಲಿ 7.30 ಇತ್ತು, ಫ್ರೇಜಿಯರ್ ಆಮೇಲೆ ಟಿಪ್ಪಣಿ ಬರೆಯುವಾಗ ಆ ಗಂಟೆಯನ್ನೇ ಎತ್ತಿ ಬರೆದಿರಬಹುದು. ಗುಮಾಸ್ತರು ಹೀಗೆ ಮಾಡುತ್ತಾರೆ, ನಾನೇ ನೋಡಿದ್ದೇನೆ. ಮೇಲಿನ ಕಾಗದದ ತಾರೀಖು ಕೆಳಗಿನ ಕಾಗದಕ್ಕೆ ಇಳಿದುಬಿಡುತ್ತದೆ. ಆದರೆ "ಇರಬಹುದು" ಎಂಬುದು ಊಹೆ. ಅದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನಲ್ಲಿ ಬೇಡ.

ಮೂರನೇ ಪರೀಕ್ಷೆ, ಬೇರೆ ಗುಂಡು ಇತ್ತಾ. 7.30ಕ್ಕೆ ಬಂದಿದ್ದು ಒಂದು, 8.50ಕ್ಕೆ ಬಂದಿದ್ದು ಇನ್ನೊಂದು ಎನ್ನುವ ಸಂಶೋಧಕರಿದ್ದಾರೆ. ಇದಕ್ಕೆ ನೀವು ಕೇಳಬೇಕಾದ್ದು: ಎರಡನೇ ಗುಂಡಿಗೆ ಬೇರೆ ನಂಬರ್, ಬೇರೆ ಲಕೋಟೆ, ಬೇರೆ ರುಜು ಎಲ್ಲಾದರೂ ಇದೆಯಾ? ಒಂದು ವಸ್ತು ಸರಕಾರಿ ಕಚೇರಿಗೆ ಬಂದರೆ ಏನಾದರೂ ಒಂದು ಕಾಗದ ಹುಟ್ಟುತ್ತದೆ. ಇಬ್ಬರ ಗಡಿಯಾರ ತಾಳೆಯಾಗುತ್ತಿಲ್ಲ ಎಂಬುದೊಂದರಿಂದಲೇ ಹೊಸ ವಸ್ತುವನ್ನು ಹುಟ್ಟಿಸಬಾರದು ಎನ್ನುವುದು ನನ್ನ ಅಭಿಪ್ರಾಯ. ಹಾಗೆಂದು ಎಲ್ಲಾ ಸರಿಯಿದೆ ಎಂದೂ ನಾನು ಹೇಳುವುದಿಲ್ಲ. ಏಕೆಂದರೆ ಮುಂದಿನ ಕಾಗದಗಳು ನೆಮ್ಮದಿ ಕೊಡುವಂಥವಲ್ಲ.

ಕೊಲೆಯಾಗಿ ಏಳು ತಿಂಗಳ ಮೇಲೆ ಗುಂಡನ್ನು ಹಿಡಿದುಕೊಂಡು ಎಫ್‌ಬಿಐ ಈ ಸರಪಳಿಯ ಜನರ ಹತ್ತಿರ ಮತ್ತೆ ಹೋಯಿತು. 1964ರ ಜುಲೈ 7ರ ಪತ್ರದಲ್ಲಿ ಹೀಗಿದೆ: ಜೂನ್ 12ರಂದು ಟಾಮ್ಲಿನ್ಸನ್ ಮತ್ತು ರೈಟ್ ಅವರಿಗೆ ಗುಂಡು ತೋರಿಸಿದಾಗ, ನಾವು ಕಂಡ ಗುಂಡಿನ ಹಾಗೇ ಕಾಣುತ್ತದೆ, ಆದರೆ ಇದೇ ಎಂದು ಖಚಿತವಾಗಿ ಹೇಳಲಾರೆವು ಎಂದರು. ಜಾನ್ಸೆನ್, ರೌಲಿ ಇಬ್ಬರೂ ಗುರುತಿಸಲಾಗಲಿಲ್ಲ. ಟಾಡ್ ಮಾತ್ರ ತನ್ನ ಮೊದಲಕ್ಷರ ನೋಡಿ ಗುರುತಿಸಿದ. ಈ ಪತ್ರಕ್ಕೂ ಮೊದಲು, ಜೂನ್ 20ರಂದು ಡಲ್ಲಾಸ್ ಕಚೇರಿಯಿಂದ ಹೋದ ಸಂದೇಶದಲ್ಲಿ "ಹಾಗೇ ಕಾಣುತ್ತದೆ" ಎಂಬ ಮಾತಿಲ್ಲ, ಗುರುತಿಸಲಾಗಲಿಲ್ಲ ಎಂದಷ್ಟೇ ಇದೆ. ನೋಡಿ, ಇಲ್ಲಿ ತಾರೀಖಿನ ಕ್ರಮ ಕೆಲಸಕ್ಕೆ ಬರುತ್ತದೆ. ಮೊದಲ ಕಾಗದದಲ್ಲಿ ಇಲ್ಲದ ಮಾತು ಎರಡನೆಯದರಲ್ಲಿ ಬಂತು ಎಂದರೆ ಎಲ್ಲಿಂದ ಬಂತು ಎಂದು ಕೇಳಲೇಬೇಕು. ಡಲ್ಲಾಸ್‌ನಲ್ಲಿ ಗುಂಡು ತೋರಿಸಿದ್ದು ಬಾರ್ಡ್‌ವೆಲ್ ಓಡಮ್ ಎಂಬ ಏಜೆಂಟ್ ಎಂದು ಜುಲೈ ಪತ್ರ ಹೇಳುತ್ತದೆ. ದಶಕಗಳ ಮೇಲೆ ಓಡಮ್ ತಾನು ಆ ಗುಂಡನ್ನು ಯಾರಿಗೂ ತೋರಿಸಿಲ್ಲ ಎಂದರು. ರೈಟ್ 1966ರಲ್ಲಿ ಒಬ್ಬ ಸಂಶೋಧಕನಿಗೆ ತಾನು ಕಂಡಿದ್ದು ಚೂಪು ಮೂತಿಯ ಗುಂಡು ಎಂದರು. ಸಿಇ 399ರ ಮೂತಿ ದುಂಡಗಿದೆ.

ಇಲ್ಲಿ ತೂಕ ಹಾಕುವುದು ಹೇಗೆ? ಆ ದಿನವೇ ಬರೆದ ಕಾಗದಕ್ಕೆ ತೂಕ ಜಾಸ್ತಿ. ಕೆಲವು ತಿಂಗಳ ಮೇಲಿನ ಹೇಳಿಕೆಗೆ ಅದಕ್ಕಿಂತ ಕಮ್ಮಿ. ಮೂರು ದಶಕ ಕಳೆದು ಹೇಳಿದ್ದಕ್ಕೆ ಇನ್ನೂ ಕಮ್ಮಿ, ಅದು ನಮಗೆ ಬೇಕಾದ ಕಡೆ ಇದ್ದರೂ ಸರಿ, ಬೇಡದ ಕಡೆ ಇದ್ದರೂ ಸರಿ. ಈ ನಿಯಮವನ್ನು ಒಂದು ಕಡೆಗೆ ಮಾತ್ರ ಹಚ್ಚುವವರನ್ನು ತುಂಬಾ ನೋಡಿದ್ದೇನೆ. ಓಡಮ್ ಅವರ ಮುಪ್ಪಿನ ನೆನಪನ್ನು ನಂಬುವವರು ಬೇರೆಯವರ ಮುಪ್ಪಿನ ನೆನಪನ್ನು ತಳ್ಳಿಹಾಕುತ್ತಾರೆ. ಅದು ಸರಿಯಲ್ಲ.

ಟಾಡ್ ಗೀರಿದ ಅಕ್ಷರದ ವಿಷಯಕ್ಕೂ ಇದೇ ಮಾತು. ಪತ್ರದ ಪ್ರಕಾರ ಅದು ಗುಂಡಿನ ಮೇಲಿದೆ. ಫೋಟೋ ನೋಡಿದ ಒಬ್ಬರು ಇಲ್ಲ ಎಂದರು, ಇನ್ನೊಬ್ಬರು ಹೊಸ ಫೋಟೋ ನೋಡಿ ಇದೆ ಎಂದರು, ಜಗಳ ನಿಂತಿಲ್ಲ. ಇಂಥ ಕಡೆ ಇನ್ನೊಬ್ಬರ ಮಾತು ಬೇಡ, ನೀವೇ ನೋಡಿ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಈ ಕೇಸಿನ ಗುಂಡುಗಳನ್ನು ಅಲ್ಲಿನ ಅಳತೆ ಮಾನದಂಡಗಳ ಸಂಸ್ಥೆ ಎನ್‌ಐಎಸ್‌ಟಿ ತುಂಬಾ ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿದೆ. ಹಳೇ ಕಪ್ಪು ಬಿಳುಪು ಫೋಟೋ ಇಟ್ಟುಕೊಂಡು ಇಲ್ಲದ ಅಕ್ಷರ ಓದಬೇಡಿ, ಇರುವ ಅಕ್ಷರ ಅಳಿಸಲೂ ಬೇಡಿ.

ಕಾಗದ ಕೈಕೊಟ್ಟಾಗ ವಸ್ತುವೇ ಮಾತಾಡುವುದೂ ಉಂಟು. ಇದಕ್ಕೆ ಒಳ್ಳೆಯ ಉದಾಹರಣೆ ಅದೇ ಕೇಸಿನ ಅಂಗೈ ಗುರುತು. ಡಲ್ಲಾಸ್ ಪೊಲೀಸ್ ಲೆಫ್ಟಿನೆಂಟ್ ಡೇ ನವೆಂಬರ್ 22ರಂದು ರೈಫಲ್ ನಳಿಗೆಯ ಕೆಳಗಿನಿಂದ ಅಂಗೈ ಗುರುತು ಎತ್ತಿ ಕಾರ್ಡಿಗೆ ಅಂಟಿಸಿದೆ ಎಂದರು. ಆ ರಾತ್ರಿಯೇ ರೈಫಲ್ ಎಫ್‌ಬಿಐಗೆ ಹೋಯಿತು. 23ರಂದು ಅಲ್ಲಿನ ತಜ್ಞ ಲಟೋನಾ ನೋಡಿದಾಗ ಆ ಜಾಗದಲ್ಲಿ ಗುರುತಿನ ಸುಳಿವೇ ಇರಲಿಲ್ಲ. ಕಾರ್ಡ್ ಎಫ್‌ಬಿಐ ಲ್ಯಾಬಿಗೆ ತಲುಪಿದ್ದು 29ಕ್ಕೆ. ಏಳು ದಿನದ ಅಂತರ, ನಡುವೆ 24ರಂದು ಆರೋಪಿ ಆಸ್ವಾಲ್ಡ್‌ನ ಕೊಲೆಯೂ ಆಯಿತು. ಅನುಮಾನ ಬರದೇ ಇರುತ್ತದಾ? ಆಯೋಗಕ್ಕೂ ಬಂತು. ಆಗ ಕಾರ್ಡಿನಲ್ಲಿ ಗೆರೆಗಳ ಜೊತೆ ಎದ್ದು ಬಂದಿದ್ದ ಲೋಹದ ಸಣ್ಣ ತಗ್ಗು ಗೀರುಗಳನ್ನು ನಳಿಗೆಯ ಜೊತೆ ಹೋಲಿಸಿದರು. ತಾಳೆಯಾಯಿತು, 1964ರ ಸೆಪ್ಟೆಂಬರ್ 4ರ ಪತ್ರದಲ್ಲಿ ಎಫ್‌ಬಿಐ ಮುಖ್ಯಸ್ಥ ಹೂವರ್ ಅದನ್ನು ಬರೆದರು. ಆ ಗುರುತು ಆ ನಳಿಗೆಯಿಂದಲೇ ಎತ್ತಿದ್ದು ಎಂಬುದಕ್ಕೆ ಇದು ಗಟ್ಟಿ ಉತ್ತರ. ಆದರೆ ಯಾವ ದಿನ ಎತ್ತಿದ್ದು ಎಂಬುದಕ್ಕೆ ಇದು ಉತ್ತರವೇ ಅಲ್ಲ. ಪ್ರಶ್ನೆ ಎರಡು, ಉತ್ತರ ಸಿಕ್ಕಿದ್ದು ಒಂದಕ್ಕೆ. ಹೀಗೆ ಬಿಡಿಸಿ ಬರೆಯುವುದನ್ನು ರೂಢಿ ಮಾಡಿಕೊಳ್ಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನೊಂದು, ಆ ಕಾಲದಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಎಂದು ತಿಳಿಯದೆ ತೀರ್ಪು ಕೊಡಬೇಡಿ. ಮಾರ್ಚ್ 12ಕ್ಕೆ ಡಲ್ಲಾಸ್‌ನಲ್ಲಿ ಅಂಚೆ ಮುದ್ರೆ ಬಿದ್ದ ರೈಫಲ್ ಆರ್ಡರ್ 13ಕ್ಕೆ ಶಿಕಾಗೋದ ಅಂಗಡಿಯ ಲೆಕ್ಕದಲ್ಲಿ ಬಂದಿದೆ. ನಮ್ಮೂರಿನ ಅಂಚೆ ನೆನಪಿಟ್ಟುಕೊಂಡರೆ ಇದು ಆಗದ ಮಾತು. ಆದರೆ ಲಕೋಟೆ ಏರ್‌ಮೇಲ್. ವಿಮಾನದ ಅಂಚೆ ಆಗ ಎಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು ಎಂದು ಮೊದಲು ಹುಡುಕಿ, ಆಮೇಲೆ ಅನುಮಾನ ಪಡಿ.

ನಮ್ಮ ದೇಶದ ಕೇಸಿಗೆ ಬಂದರೆ ಗಾಂಧೀಜಿಯವರದ್ದು. 1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಕೊಲೆ, ತುಘಲಕ್ ರಸ್ತೆ ಠಾಣೆಯಲ್ಲಿ ಉರ್ದುವಿನಲ್ಲಿ ಬರೆದ ಎಫ್‌ಐಆರ್, ಕೆಂಪುಕೋಟೆಯ ವಿಶೇಷ ನ್ಯಾಯಾಲಯ, 1949ರ ಫೆಬ್ರವರಿ 10ಕ್ಕೆ ತೀರ್ಪು. ದಾಖಲೆಯ ಪ್ರಕಾರ ಹಾರಿದ್ದು ಮೂರು ಗುಂಡು. ಮರಣೋತ್ತರ ಪರೀಕ್ಷೆ ನಡೆಯಲಿಲ್ಲ. ಆ ಒಂದು ಕಾಗದ ಇಲ್ಲದಿದ್ದುದರಿಂದ ಸುಮಾರು ಎಪ್ಪತ್ತು ವರ್ಷದ ಮೇಲೂ ನಾಲ್ಕನೇ ಗುಂಡಿನ ಮಾತು ಎದ್ದಿತು. 2017ರಲ್ಲಿ ಸುಪ್ರೀಂ ಕೋರ್ಟ್ ಹಿರಿಯ ವಕೀಲ ಅಮರೇಂದ್ರ ಶರಣ್ ಅವರಿಗೆ ದಾಖಲೆ ನೋಡಲು ಹೇಳಿತು, ಅವರು ಮರುತನಿಖೆಗೆ ಆಧಾರವಿಲ್ಲ ಎಂದರು, 2018ರ ಮಾರ್ಚ್‌ನಲ್ಲಿ ಅರ್ಜಿ ವಜಾ ಆಯಿತು. ಇಂಥಲ್ಲಿ ಆ ದಿನಗಳ ಪತ್ರಿಕೆಯನ್ನು ಠಾಣೆಯ ಕಾಗದದ ಪಕ್ಕದಲ್ಲಿಟ್ಟು ಸಮ ತೂಗುವವರಿದ್ದಾರೆ. ಪತ್ರಿಕೆ ಬೇಕು, ಬಿಡಬಾರದು. ಆದರೆ ಗಲಾಟೆಯ ನಡುವೆ ಕಿವಿಗೆ ಎಷ್ಟು ಸದ್ದು ಕೇಳಿತು ಎಂದು ಬರೆದಿದ್ದು ಬೇರೆ, ಮೊಹರು ಮಾಡಿದ ಪೊಟ್ಟಣದಲ್ಲಿ ಎಷ್ಟು ಇತ್ತು ಎಂಬುದು ಬೇರೆ. ಮತ್ತೆ, ಉರ್ದು ಎಫ್‌ಐಆರ್‌ನ ಇಂಗ್ಲಿಷ್ ಅನುವಾದ ಓದುವಾಗ ಒಂದು ಅನುವಾದಕ್ಕೆ ನಿಲ್ಲಬೇಡಿ. ಹುಬ್ಬಳ್ಳಿಯಲ್ಲಿ ಉರ್ದು ಓದುವ ಹಿರಿಯರಿಗೆ ಬರವಿಲ್ಲ. ನಮ್ಮ ಹುಡುಗರು ಒಬ್ಬ ನಿವೃತ್ತ ಮೇಷ್ಟ್ರನ್ನು ಹಿಡಿದು ಕೈಬರಹದ ಪ್ರತಿ ಓದಿಸಿದರು, ಒಂದು ಮಧ್ಯಾಹ್ನದ ಕೆಲಸ.

ವಹಿ ಇಡುವ ರೀತಿ ಸರಳ. ಒಂದು ವಸ್ತುವಿಗೆ ಒಂದು ಪುಟ. ಎಡಗಡೆ ಕಾಗದ ಏನು ಹೇಳುತ್ತದೆ, ಅದರ ಮಾತಿನಲ್ಲೇ. ಬಲಗಡೆ ನಿಮ್ಮ ಮಾತು, ಪೆನ್ಸಿಲ್‌ನಲ್ಲಿ. ಎರಡನ್ನೂ ಬೆರೆಸಬೇಡಿ. ಮೂಲ ನೋಡಿದಿರಾ, ಫೋಟೋ ಪ್ರತಿ ನೋಡಿದಿರಾ, ಮರು ಟೈಪ್ ಮಾಡಿದ್ದಾ ಎಂದು ಪ್ರತಿ ಸಾಲಿಗೂ ಷರಾ ಹಾಕಿ. ಮರು ಟೈಪ್ ಮಾಡುವಾಗ 3, 8 ಅದಲು ಬದಲಾಗುವುದು ನಾನು ಕಣ್ಣಾರೆ ಕಂಡಿದ್ದು. ಕಾಗದ ಇಲ್ಲದ ಕಡೆ ಸಾಲು ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ. ನಮ್ಮ ಕೋಣೆಯಲ್ಲಿ ಒಂದು ಪೊಟ್ಟಣಕ್ಕೆ ಬೇರೆ ಕೇಸಿನ ಚೀಟಿ ಅಂಟಿತ್ತು. ಹೇಗೆ ಅಂಟಿತು ಎಂದು ಕೊನೆಗೂ ಗೊತ್ತಾಗಲಿಲ್ಲ. ನನ್ನ ಹಿಂದಿನವರು ಏನೋ ಒಂದು ಕಾರಣ ಬರೆದು ಸಾಲು ತುಂಬಿದ್ದರು, ಅದರಿಂದ ಮುಂದೆ ಬಂದವರಿಗೆಲ್ಲಾ ದಾರಿ ತಪ್ಪಿತು. ಈಗಲೂ ಅದು ನನಗೆ ಬೇಜಾರಿನ ವಿಷಯ.

ಕಾಗದ ಸಿಗುವುದು ಕಷ್ಟವಿಲ್ಲ. ವಾರನ್ ಆಯೋಗದ 26 ಸಂಪುಟಗಳೂ, 1992ರ ಕಾನೂನಿನ ಮೇಲೆ ಬಿಡುಗಡೆಯಾದ ಕಡತಗಳಲ್ಲಿ ಬಹುಪಾಲೂ ಮೇರಿ ಫೆರೆಲ್ ಫೌಂಡೇಶನ್ ಮತ್ತು ಅಮೆರಿಕದ ಪತ್ರಾಗಾರದ ತಾಣಗಳಲ್ಲಿ ಸ್ಕ್ಯಾನ್ ಆಗಿವೆ. ಗಾಂಧೀಜಿ ಕೇಸಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ, ಜೊತೆಗೆ 1969ರ ಕಪೂರ್ ಆಯೋಗದ ವರದಿ. ಮೊದಲ ಸಲ ಮಾಡುವವರು ಇಡೀ ಕೇಸಿಗೆ ಕೈ ಹಾಕಬೇಡಿ. ಅಂಗೈ ಗುರುತಿನ ಕಾರ್ಡ್ ಒಂದನ್ನೇ ತೆಗೆದುಕೊಂಡು 22ರಿಂದ 29ರವರೆಗೆ ಒಂದೊಂದು ದಿನಕ್ಕೂ ಯಾವ ಕಾಗದ ಇದೆ ಎಂದು ಬರೆಯಿರಿ. ಎರಡು ಭಾನುವಾರ ಸಾಕು.